ಪಾನಕ್ಕೆ ಪೈಪ್ ಸಿಗಿಸುವ ಮುಂಚೆ

ಮಳೆ ನಿಂತು ಅಡಿಕೆ ಕೊಯ್ಲು ಹತ್ತಿರವಾಗುತ್ತಿದ್ದ ಹಾಗೆ ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಸ್ಟಡ್, ಅಂದರೆ ಚಕ್ರದ ನಟ್ಟು ಕೂರುವ ಬೋಲ್ಟು, ಮುರಿದುಕೊಂಡ ಜೀಪುಗಳು ಬರುತ್ತವೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆಯ ತೋಟದ ಗಾಡಿಗಳೇ ಹೆಚ್ಚು. ಆಗುಂಬೆ ಸುತ್ತ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ನಾಲ್ಕು ತಿಂಗಳು ಚಕ್ರ ರಾಡಿಯಲ್ಲೇ ಇರುತ್ತದೆ. ನಟ್ಟು ಕಚ್ಚಿಕೊಳ್ಳದೆ ಇನ್ನೇನು? ನನ್ನ ಸಂಕಟ ತುಕ್ಕಿನ ಮೇಲಲ್ಲ, ಪೈಪಿನ ಮೇಲೆ.

ನಟ್ಟು ಅಲ್ಲಾಡಲಿಲ್ಲ ಅಂದ ಕೂಡಲೇ ಪಾನಕ್ಕೆ (ಸ್ಪ್ಯಾನರಿಗೆ) ಒಂದು ಮೀಟರ್ ನೀರಿನ ಪೈಪ್ ಸಿಗಿಸಿ ಅದರ ಮೇಲೆ ಹತ್ತಿ ನಿಲ್ಲುತ್ತಾರೆ. ಲೆಕ್ಕ ನೋಡಿ. ಇಂಥ ಜೀಪಿನ ಚಕ್ರದ ನಟ್ಟಿಗೆ ಸಾಮಾನ್ಯವಾಗಿ ಬೇಕಾದ ಬಿಗಿ ಸುಮಾರು 10 ಕೆ.ಜಿ.-ಮೀಟರ್ (ಒಂದು ಮೀಟರ್ ಹಿಡಿಯ ತುದಿಗೆ 10 ಕೆ.ಜಿ. ಭಾರ ಹಾಕಿದಷ್ಟು), ನಿಮ್ಮ ಗಾಡಿಯದ್ದು ಎಷ್ಟೆಂದು ಅದರ ಪುಸ್ತಕದಲ್ಲೇ ನೋಡಿಕೊಳ್ಳಿ. 30 ಸೆಂ.ಮೀ. ಪಾನವನ್ನು 35 ಕೆ.ಜಿ. ಭಾರ ಹಾಕಿ ಒತ್ತಿದರೆ ಅಷ್ಟಾಯಿತು. ಒಂದು ಮೀಟರ್ ಪೈಪಿನ ತುದಿಯಲ್ಲಿ 60 ಕೆ.ಜಿ. ತೂಕದ ಆಳು ನಿಂತರೆ 60 ಕೆ.ಜಿ.-ಮೀಟರ್, ಅಂದರೆ ಆರು ಪಟ್ಟು. ತುಕ್ಕು ತಿಂದು ಸವೆದ ಸ್ಟಡ್ ಅದನ್ನು ಹೇಗೆ ತಾಳೀತು? ಇನ್ನೂ ಬೇಜಾರಿನ ವಿಷಯವೆಂದರೆ ಬಿಗಿ ಮಾಡುವಾಗಲೂ ಇದೇ ಪೈಪ್. ಹೋದ ವರ್ಷ ಹತ್ತಿ ನಿಂತು ಬಿಗಿದದ್ದನ್ನೇ ಈ ವರ್ಷ ಹತ್ತಿ ನಿಂತು ಬಿಚ್ಚಲು ಹೋಗುತ್ತಾರೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಮರೆಗಳ, ಅಂದರೆ ನಟ್ಟು ಬೋಲ್ಟಿನ ತಿರುಪು ಗೆರೆಗಳ, ಸಂದಿಯಲ್ಲಿ ಅದು ಬೆಣೆ ಹೊಡೆದ ಹಾಗೆ ಕೂತಿರುತ್ತದೆ. ಆ ಸಂದಿಗೆ ಎಣ್ಣೆ ಇಳಿಯಬೇಕು, ಇಳಿಯಲು ಹೊತ್ತು ಬೇಕು. ಗ್ರೀಸ್ ಹಚ್ಚಿದರೆ ಮೇಲೆಯೇ ಉಳಿಯುತ್ತದೆ. ತುಕ್ಕು ಬಿಡಿಸುವ ತೆಳು ಎಣ್ಣೆ ತನ್ನಿ, ಸಿಗದಿದ್ದರೆ ಡೀಸೆಲ್ ಆದೀತು, ನಿಧಾನ ಅಷ್ಟೆ. ವೈರ್ ಬ್ರಷ್‌ನಲ್ಲಿ ಮಣ್ಣು ಉಜ್ಜಿ ತೆಗೆದು, ಸಂಜೆ ಎಣ್ಣೆ ಬಿಟ್ಟು, ನಟ್ಟಿನ ಮೈಗೆ ಸುತ್ತಿಗೆಯಲ್ಲಿ ಸಣ್ಣ ಸಣ್ಣ ಏಟು ಕೊಡಿ. ಮರೆಗೆ ಏಟು ಬೀಳಬಾರದು. ಮಲಗುವ ಮುಂಚೆ ಇನ್ನೊಮ್ಮೆ ಬಿಡಿ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ದಿಕ್ಕಿಗೆ ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಟಕ್ ಅಂತ ಸದ್ದು ಬಂತೋ, ಬಿಟ್ಟಿತು ಅಂತ ಅರ್ಥ. ಕೀಂ ಅಂತ ನರಳುತ್ತಾ ಮೆತ್ತಗೆ ತಿರುಗಿದರೆ ಕೂಡಲೇ ನಿಲ್ಲಿಸಿ, ಸ್ಟಡ್ ತಿರುಚಿಕೊಳ್ಳುತ್ತಿರಬಹುದು. ಹಿಂದೆ ತಿರುಗಿಸಿ, ಮತ್ತೆ ಎಣ್ಣೆ.

ಹೊಸನಗರದ ಕಡೆಯ ಒಬ್ಬ ಯಜಮಾನರು ಒಮ್ಮೆ ಫೋನ್ ಮಾಡಿ, "ಮಾರಾಯ್ರೆ, ಬಲಗಡೆ ಎರಡೂ ಚಕ್ರ ಸಲೀಸಾಗಿ ಬಂದ್ವು, ಎಡಗಡೇದು ಒಂದೂ ಬರ್ತಿಲ್ಲ, ಪೈಪೇ ಬಗ್ಗಿ ಹೋಯ್ತು" ಅಂದರು. ಯಾವ ಗಾಡಿ ಅಂತ ಕೇಳಿದೆ. ಅವರ ತಂದೆಯ ಕಾಲದ ವಿಲ್ಲೀಸ್ ಜೀಪು. "ಪೈಪ್ ಕೆಳಗಿಡಿ, ನಾನೇ ಬರ್ತೀನಿ" ಅಂದೆ. ಆ ಹಳೇ ಜೀಪುಗಳಲ್ಲಿ ಎಡಗಡೆ ಚಕ್ರಕ್ಕೆ ಉಲ್ಟಾ ಮರೆ (ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುವಂಥದ್ದು) ಇರುತ್ತದೆ, ಚಕ್ರ ಓಡುವಾಗ ನಟ್ಟು ತಾನಾಗಿ ಸಡಿಲವಾಗದಿರಲಿ ಅಂತ. ಬೆಳಿಗ್ಗೆಯಿಂದ ಅವರು ಬಿಚ್ಚುತ್ತಿರಲಿಲ್ಲ, ಬಿಗಿಯುತ್ತಿದ್ದರು. ನಾನು ಹೋಗುವಷ್ಟರಲ್ಲಿ ಎರಡು ಸ್ಟಡ್ ಹೋಗಿದ್ದವು. ಅಂಗಳದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು, ನೋಡಿ ನನಗೇ ಅಯ್ಯೋ ಅನಿಸಿತು. ಹಬ್ (ಸ್ಟಡ್ ಕೂತಿರುವ ಚಕ್ರದ ನಡುಭಾಗ) ಬದಲಾಯಿಸಿದ ಜೀಪುಗಳೂ ಇರುವುದರಿಂದ ಎಲ್ಲದರಲ್ಲೂ ಹೀಗೇ ಅಂತ ಹೇಳಲಾರೆ. ಸ್ಟಡ್ಡಿನ ತುದಿ ಒರೆಸಿ, ಮರೆ ಯಾವ ಕಡೆ ಓರೆಯಾಗಿದೆ ಅಂತ ಕಣ್ಣಾರೆ ನೋಡಿ.

ಬೆಂಕಿಯ ಮಾತು. ಕಾಯಿಸಿದರೆ ನಟ್ಟು ಬಿಡುವುದು ನಿಜ. ಆದರೆ ಟೈರ್ ಇರುವ ಚಕ್ರದ ನಟ್ಟಿಗೆ ದಯವಿಟ್ಟು ಗ್ಯಾಸ್ ಹಿಡಿಯಬೇಡಿ, ಟೈರ್ ಸಿಡಿದರೆ ಜೀವಕ್ಕೇ ಅಪಾಯ. ಎಣ್ಣೆ ಬಿಟ್ಟ ಜಾಗಕ್ಕೂ, ಬ್ರೇಕ್ ಹೋಸ್ ಹತ್ತಿರವೂ ಬೇಡ. ಎರಡು ರಾತ್ರಿ ಎಣ್ಣೆ ಕುಡಿದರೂ ಬಾರದ ನಟ್ಟನ್ನು ಸೀಳಿ ತೆಗೆಯುವ ಉಪಕರಣ ನಮ್ಮಲ್ಲಿದೆ, ನಿಧಾನವಾಗಿ ಓಡಿಸಿಕೊಂಡು ತನ್ನಿ.

ಆ ಯಜಮಾನರು ಈಗ ಮೇ ತಿಂಗಳಲ್ಲೇ ನಾಲ್ಕೂ ಚಕ್ರ ಬಿಚ್ಚಿ, ಮರೆ ಉಜ್ಜಿ, ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಯ ಬಿಗಿಯನ್ನು ಟಾರ್ಕ್ ರೆಂಚ್‌ನಲ್ಲಿ (ಬಿಗಿ ಎಷ್ಟೆಂದು ಅಳೆಯುವ ಪಾನದಲ್ಲಿ) ಕೊಡುತ್ತಾರೆ. ಬಾನೆಟ್ಟಿನ ಎಡಗಡೆ ಬಿಳಿ ಪೇಂಟಿನಲ್ಲಿ ಒಂದು ಉಲ್ಟಾ ಬಾಣ ಬರೆಸಿದ್ದಾರೆ. ಬಗ್ಗಿದ ಪೈಪ್ ಈಗ ಅವರ ಕೊಟ್ಟಿಗೆಯಲ್ಲಿ ಮೆಣಸಿನ ಬಳ್ಳಿಗೆ ಊರುಗೋಲು.