ಕರಿ ಗ್ರಾನೈಟ್ ಗ್ರಾನೈಟೇ ಅಲ್ಲ

ಬಳ್ಳಾರಿಯಲ್ಲಿ ಅಡುಗೆಕಟ್ಟೆಗೆ ಕಲ್ಲು ಕೇಳಿದರೆ ಅಂಗಡಿಯವರು ಮೊದಲು ತೋರಿಸುವುದು ‘ಬ್ಲ್ಯಾಕ್ ಗ್ರಾನೈಟ್’. ಭೂವಿಜ್ಞಾನಿಗೆ ಅದು ಹೆಚ್ಚಾಗಿ ಡಾಲರೈಟ್ ಎಂಬ ಬೇರೆಯೇ ಕಪ್ಪು ಕಲ್ಲು. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಚೆನ್ನಾಗಿ ಪಾಲಿಶ್ ಹಿಡಿಯುವ ಗಟ್ಟಿ ಕಲ್ಲೆಲ್ಲ ವ್ಯಾಪಾರದಲ್ಲಿ ಗ್ರಾನೈಟೇ. ಕನ್ನಡದಲ್ಲಿ ಗೊಂದಲ ಇನ್ನೂ ಒಂದು ಸುತ್ತು ಹೆಚ್ಚು. ಹಂಪಿ, ಆನೆಗೊಂದಿಯ ಗ್ರಾನೈಟನ್ನು ‘ಕಣಶಿಲೆ’ ಎಂದು ಬರೆಯುವವರಿದ್ದಾರೆ. ಶಾಲೆಯ ಪಾಠದಲ್ಲಿ ಕಣಶಿಲೆ ಎಂದರೆ ಮರಳು, ಹೂಳು ಕೂತು ಗಟ್ಟಿಯಾದ ಕಲ್ಲು, ಅಂದರೆ ನೇರ ವಿರುದ್ಧ ಹುಟ್ಟು. ಹಾಗಾಗಿ ಇಲ್ಲಿ ಮರಳು, ಹೂಳಿನ ಕಲ್ಲನ್ನು ಪದರಶಿಲೆ ಎನ್ನೋಣ.

ಗ್ರಾನೈಟ್ ಬೆಂಕಿಯಲ್ಲಿ ಹುಟ್ಟಿತೋ ನೀರಿನಲ್ಲೋ ಎಂಬುದೇ ಒಂದು ಕಾಲಕ್ಕೆ ದೊಡ್ಡ ಜಗಳ. ಜರ್ಮನಿಯ ಫ್ರೈಬರ್ಗ್ ಗಣಿ ಅಕಾಡೆಮಿಯ ವೆರ್ನರ್, ಗ್ರಾನೈಟ್ ಮತ್ತು ಬಸಾಲ್ಟ್ ಆದಿಸಾಗರದ ನೀರಿನಿಂದ ಹರಳುಗಟ್ಟಿ ಕೂತವು ಎನ್ನುತ್ತಿದ್ದ. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1785ರಲ್ಲಿ ಗ್ಲೆನ್ ಟಿಲ್ಟ್ ಕಣಿವೆಯಲ್ಲಿ, ಹಳೆಯ ಕಲ್ಲಿನ ಸಂದುಗಳಿಗೆ ಗ್ರಾನೈಟ್ ನುಗ್ಗಿ ನರದಂತೆ ಕವಲೊಡೆದಿರುವುದನ್ನು ಕಂಡ. ಹಾಗೆ ನುಗ್ಗಬೇಕಾದರೆ ಅದು ಕರಗಿ ಹರಿದಿರಲೇಬೇಕು. ಆದರೆ ಕರಗಿದ ಕಲ್ಲು ಆರಿದರೆ ಗಾಜಾಗಬೇಕಲ್ಲ, ಹರಳು ಎಲ್ಲಿಂದ ಬಂತು? ಅವನ ಗೆಳೆಯ ಜೇಮ್ಸ್ ಹಾಲ್ 1798ರಲ್ಲಿ ಕಪ್ಪು ಕಲ್ಲನ್ನು ಕುಲುಮೆಯಲ್ಲಿ ಕರಗಿಸಿದ. ಬೇಗ ಆರಿಸಿದರೆ ಗಾಜು, ನಿಧಾನಕ್ಕೆ ಆರಿಸಿದರೆ ಹರಳು.

ಹೀಗೆ ಕರಗಿ ಆರಿದ ಕಲ್ಲು ಅಗ್ನಿಶಿಲೆ. ಅದರ ವರ್ಗೀಕರಣದ ಅರ್ಧ ಇಷ್ಟರಲ್ಲೇ ಇದೆ. ಹರಳಿನ ಕಾಳು ದಪ್ಪಗಿದ್ದರೆ ಆಳದಲ್ಲಿ ನಿಧಾನಕ್ಕೆ ಆರಿದ್ದು, ಕಣ್ಣಿಗೆ ಕಾಣದಷ್ಟು ಸಣ್ಣಗಿದ್ದರೆ ನೆಲದ ಮೇಲೆ ಹರಿದು ಬೇಗ ಆರಿದ್ದು. ಇದನ್ನು ನೋಡಲು ಬಳ್ಳಾರಿ ಬಳಿಯ ಸಂಗನಕಲ್ಲಿನ ಹಿರೇಗುಡ್ಡ ಒಳ್ಳೆಯ ಜಾಗ. ಗ್ರಾನೈಟ್ ಗುಡ್ಡವನ್ನು ಸೀಳಿ ಡಾಲರೈಟಿನ ಕಪ್ಪು ಗೋಡೆಯೊಂದು ಹಾದುಹೋಗಿದೆ. ಇಂಥದ್ದಕ್ಕೆ ಡೈಕ್ ಎನ್ನುತ್ತಾರೆ. ಸೀಳಿದ್ದು ಡೈಕ್ ಆದ್ದರಿಂದ ಅದೇ ಕಿರಿಯದು. ಡೈಕಿನ ನಡುವಿನ ಒಂದು ಚೂರು, ಅಂಚಿನ ಒಂದು ಚೂರು ಹತ್ತು ಪಟ್ಟಿನ ಮಸೂರದಲ್ಲಿ ನೋಡಿದರೆ, ತಣ್ಣಗಿದ್ದ ಗ್ರಾನೈಟ್ ತಾಗಿ ಬೇಗ ಆರಿದ ಅಂಚಿನಲ್ಲಿ ಕಾಳು ನುಣ್ಣಗಿರುತ್ತದೆ. ಇಲ್ಲಿದ್ದ ನವಶಿಲಾಯುಗದವರು ಕೊಡಲಿಗೆ ಈ ಕಪ್ಪು ಕಲ್ಲನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ: ದಪ್ಪ ಕಾಳಿನ ಗ್ರಾನೈಟ್ ಏಟಿಗೆ ಉದುರುತ್ತದೆ, ಡಾಲರೈಟ್ ಅಂಚು ಹಿಡಿಯುತ್ತದೆ. ಅಲ್ಲಿನ ಕೆಲವು ಬಂಡೆ ತಟ್ಟಿದರೆ ಗಂಟೆಯಂತೆ ನಾದ ಕೊಡುತ್ತವೆ.

ಇನ್ನರ್ಧ ರಸಾಯನ. ಬೆಣಚುಕಲ್ಲಿನ ಮೂಲವಸ್ತುವಾದ ಸಿಲಿಕಾ 63%ಕ್ಕಿಂತ ಹೆಚ್ಚಿದ್ದರೆ ಗ್ರಾನೈಟಿನ ಬಳಗ, 45ರಿಂದ 52%ರೊಳಗೆ ಇದ್ದರೆ ಬಸಾಲ್ಟ್, ಡಾಲರೈಟುಗಳ ಬಳಗ. 19ನೇ ಶತಮಾನದ ನಡುವಿನಲ್ಲಿ ಹೆನ್ರಿ ಸಾರ್ಬಿ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇದು ಸೂಕ್ಷ್ಮದರ್ಶಕದಡಿ ಇಟ್ಟ. ಈಗಿನ ಅಳತೆ 0.03 ಮಿಲಿಮೀಟರ್. ಖನಿಜ ಎಣಿಸುವುದು ಅಲ್ಲಿಂದ ಸುಲಭವಾಯಿತು. ಈಗಿನ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಗ್ರಾನೈಟಿನ ಮುಖ್ಯ ಖನಿಜಗಳಾದ ಬೆಣಚು (ಕ್ವಾರ್ಟ್ಜ್) ಮತ್ತು ಫೆಲ್ಡ್‌ಸ್ಪಾರ್‌ಗಳನ್ನಷ್ಟೇ ಕೂಡಿಸಿದಾಗ ಬೆಣಚಿನ ಪಾಲು 20ರಿಂದ 60% ಇರದಿದ್ದರೆ ಗ್ರಾನೈಟ್ ಹೆಸರು ಸಿಗದು. ಬೆಣಚು ಕಡಿಮೆಯಿರುವ ಕರಿ ಕಲ್ಲು ಸೋಲುವುದು ಇಲ್ಲೇ.

ಆನೆಗೊಂದಿಯ ದುಂಡು ಬಂಡೆಗಳನ್ನು ತುಂಗಭದ್ರೆ ಉರುಳಿಸಿ ತಂದಿತು ಎನ್ನುವವರು ಈಗಲೂ ಇದ್ದಾರೆ. ನದಿ ಉರುಳಿಸಿದ್ದಲ್ಲ. ಮಣ್ಣಿನಡಿ ಗ್ರಾನೈಟಿನ ಬಿರುಕುಗಳಲ್ಲಿ ನೀರು ಇಳಿದು ಮೂಲೆಗಳನ್ನು ಕೊಳೆಸಿತು, ಗಟ್ಟಿ ತಿರುಳು ಉಳಿಯಿತು, ಮೇಲಿನ ಮಣ್ಣು ಕೊಚ್ಚಿಹೋಯಿತು.

ಪದರಶಿಲೆಯ ಲೆಕ್ಕ ಸರಳ. 1922ರ ವೆಂಟ್‌ವರ್ತ್ ಅಳತೆಯಂತೆ 2 ಮಿಲಿಮೀಟರಿಗೂ ದಪ್ಪವಾದದ್ದು ಜಲ್ಲಿ, ಅಲ್ಲಿಂದ 1/16ರವರೆಗೆ ಮರಳು, 1/256ರವರೆಗೆ ಹೂಳು, ಅದಕ್ಕೂ ನುಣುಪು ಜೇಡಿ. ಹೂಳೋ ಜೇಡಿಯೋ ತಿಳಿಯದಿದ್ದರೆ ಚೂರು ಹಲ್ಲಿನಲ್ಲಿ ಕಡಿದು ನೋಡುವುದು ಹಳೆಯ ಉಪಾಯ: ಹೂಳು ಕರಕರ ಎನ್ನುತ್ತದೆ. ನೀರಿನಲ್ಲಿ ಕರಗಿದ್ದು ಕೂತು ಆದ ಕಲ್ಲುಗಳದು ಬೇರೆ ಗುಂಪು. ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಈ ಗುಂಪಿನ ಸುಣ್ಣಕಲ್ಲು. ಚಾಕುವಿನಿಂದ ಗೀರಿ, ಪುಡಿಯ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹನಿಸಿದರೆ ನೊರೆ ಬರುತ್ತದೆ. ಬಚ್ಚಲು ತೊಳೆಯುವ ಆಸಿಡ್ ಚೆಲ್ಲಿದಲ್ಲಿ ನೆಲ ಮಂಕಾಗಿ ಗುಳಿ ಬೀಳುವುದೂ ಇದಕ್ಕೇ. ಡಾಲರೈಟ್ ಕಟ್ಟೆಯ ಮೇಲೆ ನಿಂಬೆರಸ ಬಿದ್ದರೆ ಏನೂ ಆಗದು.

ಯಾವ ಗುಂಪಿಗೂ ಸಲೀಸಾಗಿ ಸೇರದ್ದು ಸಂಡೂರಿನ ಪಟ್ಟೆ ಕಬ್ಬಿಣಶಿಲೆ. ಬಳ್ಳಾರಿ ಜಿಲ್ಲೆಯ ಭೂವಿವರವನ್ನು 1895ರಲ್ಲಿ ಪ್ರಕಟಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಇಂಥ ಕಲ್ಲಿನ ಪಟ್ಟಿಗಳನ್ನು ಸುತ್ತಲಿನ ಗ್ರಾನೈಟ್ ಮತ್ತು ನೈಸ್ ಎಂಬ ರೂಪಾಂತರ ಶಿಲೆಗಳಿಂದ ಬೇರ್ಪಡಿಸಿ ‘ಧಾರವಾಡ’ ಎಂಬ ಹೆಸರಿನಡಿ ತಂದವನು. ಈ ಕಬ್ಬಿಣಶಿಲೆ ಹುಟ್ಟಿದ್ದು ಸಮುದ್ರದ ತಳದಲ್ಲಿ, ಕಬ್ಬಿಣ ಒಂದು ಎಳೆ, ಸಿಲಿಕಾ ಒಂದು ಎಳೆಯಾಗಿ. ಆಮೇಲೆ ಒತ್ತಡ, ಶಾಖಕ್ಕೆ ಸಿಕ್ಕಿ ರೂಪಾಂತರಗೊಂಡಿತು. ಮೂಲ ಕಲ್ಲಿನಲ್ಲಿ ಕಬ್ಬಿಣ ಸುಮಾರು 30%. ಮಳೆನೀರು ಯುಗಗಟ್ಟಲೆ ಸಿಲಿಕಾವನ್ನು ತೊಳೆದು ಒಯ್ದ ಕಡೆಗಳಲ್ಲಿ ಮಾತ್ರ ಅದು 60% ದಾಟಿ ಲಾರಿ ಹತ್ತುವ ಅದಿರಾಯಿತು. ಅದಿರಿಗೆ ಅಯಸ್ಕಾಂತ ಅಂಟಲಿಲ್ಲ ಎಂದು ಎಸೆಯಬೇಡಿ. ಅಂಟುವುದು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ; ಇನ್ನೊಂದು ಕಬ್ಬಿಣದ ಖನಿಜವಾದ ಹೆಮಟೈಟನ್ನು ಹೊಳಪಿಲ್ಲದ ಟೈಲಿನ ಬೆನ್ನಿಗೆ ಉಜ್ಜಿದರೆ ಕುಂಕುಮಗಂದು ಗೆರೆ ಬೀಳುತ್ತದೆ.