ಎರಡು ಪಿಚ್ ಬಿದ್ದರೂ ಔಟಲ್ಲ

ಸಂಕ್ರಾಂತಿ ಮುಗಿದು ವಾರ ಹತ್ತು ದಿನ ಕಳೆಯುವಷ್ಟರಲ್ಲಿ ನನ್ನ ಮೊಬೈಲಿಗೆ ನಸುಕಿನಲ್ಲೇ ಒಂದು ಮೆಸೇಜು ಬರುತ್ತದೆ: ‘ಮೇಡಂ, ಶುರುವಾಯ್ತು.’ ಆಗ ಮೆಲ್ಬರ್ನ್‌ನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಹನ್ನೊಂದಕ್ಕೆ ಆಟ ಅಂದರೆ ತುಮಕೂರಿನಲ್ಲಿ ಬೆಳಗಿನ ಐದೂವರೆ, ಹಾಲಿನವರು ಬರುವ ಹೊತ್ತು. ಆಸ್ಟ್ರೇಲಿಯನ್ ಓಪನ್‌ನ ಎರಡನೇ ವಾರದಲ್ಲಿ ವೀಲ್‌ಚೇರ್ ಟೆನಿಸ್ ನಡೆಯುತ್ತದೆ. ಮೆಸೇಜು ಕಳಿಸುವವನು ಗುಬ್ಬಿ ಕಡೆಯ ಹುಡುಗ, ಕಾಯಿ ಕೀಳಲು ಹೋಗಿ ತೆಂಗಿನ ಮರದಿಂದ ಬಿದ್ದವನು.

ನಾನು ಫಿಸಿಯೋಥೆರಪಿಸ್ಟ್. ಟೆನಿಸ್ ಆಡಿದವಳಲ್ಲ. ಈ ಆಟಕ್ಕೆ ನಾನು ಬಂದಿದ್ದೇ ತೆಂಗಿನ ಮರದ ದಾರಿಯಿಂದ. ತಿಪಟೂರು, ಗುಬ್ಬಿ, ತುರುವೇಕೆರೆ ಸೀಮೆಯಲ್ಲಿ ಮರದಿಂದ ಬಿದ್ದು ನನ್ನಲ್ಲಿಗೆ ಬಂದವರಲ್ಲಿ ಬಹಳ ಜನಕ್ಕೆ ಪೆಟ್ಟಾಗಿರುವುದು ನಾವು ಡಿ12, ಎಲ್1 ಎಂದು ಕರೆಯುವ ಮೂಳೆಗಳಿಗೆ. ಪಕ್ಕೆಲುಬಿನ ಆಸರೆಯಲ್ಲಿ ಬಿಗಿಯಾಗಿ ನಿಂತ ಎದೆಯ ಬೆನ್ನೆಲುಬು, ಬಾಗಿ ಬಳುಕುವ ಸೊಂಟದ ಬೆನ್ನೆಲುಬನ್ನು ಸೇರುವ ಜಾಗ ಅದು. ಅಲ್ಲಿ ಬೆನ್ನುಹುರಿ ಜಜ್ಜಿದರೆ ಕಾಲು ಹೋಗುತ್ತದೆ, ಕೈ ಪೂರ್ತಿ ಉಳಿಯುತ್ತದೆ. ಆ ಉಳಿದ ಕೈಯನ್ನು ಇನ್ನು ಮೂವತ್ತು ನಲವತ್ತು ವರ್ಷ ಕಾಪಾಡುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ಭುಜದ ಕೀಲು ಇರುವುದು ಎತ್ತಲು, ಚಾಚಲು. ಅದರ ಮೇಲೆ ಮೈಭಾರ ಹೊರಿಸಿ ದಿನವೆಲ್ಲ ಚಕ್ರ ತಳ್ಳಿಸಿದರೆ ಹತ್ತು ವರ್ಷಕ್ಕೆ ಅದೂ ಕೈಕೊಡುತ್ತದೆ.

ಇದನ್ನು ಬಾಯಲ್ಲಿ ಹೇಳಿ ಹೇಳಿ ನನಗೇ ಸಾಕಾಗಿತ್ತು. ಒಂದು ಮಧ್ಯಾಹ್ನ ಈ ಹುಡುಗನಿಗೆ ಮೊಬೈಲಿನಲ್ಲಿ 2022ರ ವಿಂಬಲ್ಡನ್ ಫೈನಲ್ ಹಾಕಿ ಕೊಟ್ಟೆ. ಜಪಾನಿನ ಶಿಂಗೊ ಕುನಿಯೆಡಾ, ಬ್ರಿಟನ್ನಿನ ಆಲ್ಫಿ ಹ್ಯೂವೆಟ್. ಮೊದಲ ಸೆಟ್ ಕಳೆದುಕೊಂಡ ಕುನಿಯೆಡಾ ಕೊನೆಗೆ ಮೂರನೇ ಸೆಟ್ಟಿನ ಟೈಬ್ರೇಕ್‌ನಲ್ಲಿ ಗೆದ್ದ ಪಂದ್ಯ ಅದು. ಎರಡು ನಿಮಿಷ ನೋಡಿದವನೇ ತಕರಾರು ತೆಗೆದ: ‘ಎರಡು ಪಿಚ್ ಬಿತ್ತಲ್ಲ ಮೇಡಂ, ಔಟ್ ಕೊಡ್ಲಿಲ್ಲ?’

ಬೀದಿ ಕ್ರಿಕೆಟ್ಟಿನಲ್ಲಿ ಒನ್ ಪಿಚ್ ಕ್ಯಾಚ್ ಆಡಿದವರ ಕಣ್ಣಿಗೆ ಮೊದಲು ಬೀಳುವುದು ಇದೇ. ಟೆನಿಸ್‌ನಲ್ಲಿ ಚೆಂಡು ಎರಡನೇ ಸಲ ಪುಟಿಯುವ ಮುನ್ನ ಹೊಡೆಯಬೇಕು, ವೀಲ್‌ಚೇರಿನಲ್ಲಿ ಕೂತವರು ಮೂರನೇ ಸಲ ಪುಟಿಯುವ ಮುನ್ನ. ಎರಡನೇ ಪುಟಿತ ಗೆರೆಯ ಹೊರಗೆ ಬಿದ್ದರೂ ಸರಿ. ಅಂಕಣದ ಅಳತೆ, ನೆಟ್ಟಿನ ಎತ್ತರ, ರ‍್ಯಾಕೆಟ್, ಚೆಂಡು ಎಲ್ಲ ಅದೇ. ಕುರ್ಚಿ ಆಟಗಾರರ ಮೈಯ ಭಾಗ, ಹಾಗಾಗಿ ಚೆಂಡು ಚಕ್ರಕ್ಕೆ ತಾಗಿದರೂ ಪಾಯಿಂಟ್ ಹೋಯಿತು. ಸರ್ವ್ ಮಾಡುವ ಮುನ್ನ ಕುರ್ಚಿ ನಿಂತಿರಬೇಕು, ಆಮೇಲೆ ಒಂದೇ ಒಂದು ತಳ್ಳು. ಕಾಲು ಊರಿ ಬ್ರೇಕ್ ಹಾಕುವ ಹಾಗಿಲ್ಲ. ಅಮೆರಿಕದ ಬ್ರಾಡ್ ಪಾರ್ಕ್ಸ್ ಎಂಬ ಯುವಕ ಸ್ಕೀಯಿಂಗ್‌ನಲ್ಲಿ ಬಿದ್ದು ಕಾಲಿನ ಶಕ್ತಿ ಕಳೆದುಕೊಂಡ ಮೇಲೆ 1976ರಲ್ಲಿ ಶುರುವಾದ ಆಟ ಇದು. 1992ರ ಬಾರ್ಸಿಲೋನಾದಿಂದ ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕವೂ ಸಿಗುತ್ತಿದೆ.

ಹೊಸದಾಗಿ ನೋಡುವವರಿಗೆ ನನ್ನದೊಂದೇ ಮಾತು. ಒಂದು ಪೂರ್ತಿ ಸೆಟ್ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಹೊಡೆತ ಮುಗಿಸಿದವರ ಕುರ್ಚಿ ಮುಂದಿನ ಹೊಡೆತದವರೆಗೆ ಏನು ಮಾಡುತ್ತದೆ, ಅದನ್ನು ನೋಡಿ. ನಿಂತು ಆಡುವವರು ಏಡಿಯ ಹಾಗೆ ಪಕ್ಕಕ್ಕೆ ಸರಿಯಬಲ್ಲರು. ಕುರ್ಚಿ ಪಕ್ಕಕ್ಕೆ ಹೋಗುವುದಿಲ್ಲ. ಆದ್ದರಿಂದ ಒಳ್ಳೆಯ ಆಟಗಾರರು ಚೆಂಡು ಹೊಡೆದ ಕೂಡಲೇ ತಿರುಗಿ, ಎಷ್ಟೋ ಸಲ ಎದುರಾಳಿಗೆ ಬೆನ್ನು ಹಾಕಿ, ಗೆರೆಯ ಹಿಂದಿನ ನಡುಜಾಗಕ್ಕೆ ಉರುಳುತ್ತಾರೆ. ಪೂರ್ತಿ ನಿಲ್ಲುವುದು ಕಡಿಮೆ. ನಿಂತ ಕುರ್ಚಿಯನ್ನು ಹೊರಡಿಸುವ ಮೊದಲ ತಳ್ಳಿನಲ್ಲೇ ಭುಜಕ್ಕೆ ಅತಿ ಹೆಚ್ಚು ಭಾರ ಬೀಳುವುದು. ಉರುಳುತ್ತಿರುವುದನ್ನು ತಿರುಗಿಸಲು ಅಷ್ಟು ಬೇಡ. ತುಂಬಿದ ಗಾಡಿಯನ್ನು ದಿಬ್ಬದಲ್ಲಿ ನಿಲ್ಲಿಸಿ ಮತ್ತೆ ಎಳೆಸಿದರೆ ಎತ್ತಿಗೆ ಏನಾಗುತ್ತದೆಂದು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಿಲ್ಲ. ಅದರ ಮೇಲೆ ಒಂದು ಕೈಯಲ್ಲಿ ರ‍್ಯಾಕೆಟ್ ಬೇರೆ ಇರುತ್ತದೆ. ಹಿಡಿಯನ್ನು ಅಂಗೈಗೂ ಚಕ್ರದ ಬಳೆಗೂ ನಡುವೆ ಒತ್ತಿಕೊಂಡೇ ತಳ್ಳಬೇಕು.

ಎರಡು ಪಿಚ್ ಬಿಡುವುದು ಸವಲತ್ತು ಅಂತ ಕಂಡರೂ ಅದಕ್ಕೂ ಬೆಲೆ ಇದೆ. ಎರಡನೇ ಪುಟಿತಕ್ಕೆ ಕಾಯುವವರು ಗೆರೆಯಿಂದ ಬಹಳ ಹಿಂದಿರಬೇಕು, ಅಷ್ಟರಲ್ಲಿ ಎದುರಾಳಿ ಸುಧಾರಿಸಿಕೊಂಡಿರುತ್ತಾರೆ. ಎಡಗೈ ಆಟಗಾರ ಟೊಕಿಟೊ ಓಡಾ ಈ ಲೆಕ್ಕವನ್ನೇ ಬುಡಮೇಲು ಮಾಡಿದ ಹುಡುಗ. ಅವನು ಗೆರೆಗೆ ಅಂಟಿಕೊಂಡು ಒಂದೇ ಪಿಚ್‌ನಲ್ಲಿ ಹೊಡೆಯುತ್ತಾನೆ. ಒಂಬತ್ತನೇ ವಯಸ್ಸಿಗೆ ಸೊಂಟದ ಮೂಳೆಗೆ ಕ್ಯಾನ್ಸರ್, 2023ರಲ್ಲಿ ಹದಿನೇಳಕ್ಕೆ ಫ್ರೆಂಚ್ ಓಪನ್. ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಫೈನಲ್‌ನ ಮೂರನೇ ಸೆಟ್ಟಿನಲ್ಲಿ 3-5 ಹಿಂದಿದ್ದವನು ಹ್ಯೂವೆಟ್‌ರನ್ನು 7-5ಕ್ಕೆ ಸೋಲಿಸಿದ. 2025ರ ಯುಎಸ್ ಓಪನ್ ಗೆದ್ದಾಗ ನಾಲ್ಕೂ ಗ್ರ್ಯಾಂಡ್‌ಸ್ಲಾಮ್, ಜೊತೆಗೆ ಪ್ಯಾರಾಲಿಂಪಿಕ್ಸ್ ಚಿನ್ನ, ಎಲ್ಲ ಅವನ ಬಳಿ ಸೇರಿದ್ದವು. ವಯಸ್ಸು ಹತ್ತೊಂಬತ್ತು.

ಪ್ಯಾರಿಸ್‌ನಲ್ಲಿ ಗೆದ್ದ ಖುಷಿಗೆ ಓಡಾ ಕುರ್ಚಿಯ ಒಂದು ಚಕ್ರ ಕಳಚಿ ಕೆಂಪು ಮಣ್ಣಿನ ಮೇಲೆ ಮಲಗಿಬಿಟ್ಟ. ನಮ್ಮ ಹುಡುಗ ಆ ಜಾಗವನ್ನು ಮೂರು ಸಲ ಹಿಂದಕ್ಕೆ ಎಳೆದು ನೋಡಿದ. ಅವನಿಗೆ ಬೇಕಿದ್ದುದು ಚಿನ್ನದ ಪದಕವಲ್ಲ. ‘ಸ್ಪ್ಯಾನರ್ ಇಲ್ದೆ ಹೆಂಗ್ ಬಿಚ್ದ ಮೇಡಂ?’ ನಡುವಿನ ಗುಂಡಿ ಒತ್ತಿದರೆ ಚಕ್ರ ಕೈಗೆ ಬರುವ ಅಚ್ಚು ಅದು. ಅಂಥದ್ದಿದ್ದರೆ ಕುರ್ಚಿಯನ್ನು ಆಟೋದಲ್ಲಿ, ಬಸ್ಸಿನ ಸೀಟಿನ ಸಂದಿಯಲ್ಲಿ ತುರುಕಿಕೊಂಡು ಹೋಗಬಹುದು. ಅವನ ಬಳಿ ಇದ್ದದ್ದು ಯಾವುದೋ ಕ್ಯಾಂಪಿನಲ್ಲಿ ಪುಕ್ಕಟೆ ಸಿಕ್ಕಿದ, ಮಡಚುವ, ಎಲ್ಲರಿಗೂ ಒಂದೇ ಅಳತೆಯ ಭಾರದ ಕುರ್ಚಿ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಚಪ್ಪಲಿಯನ್ನಾದರೂ ನಾವು ಕಾಲಿಗೆ ಹಾಕಿ ನೋಡಿ ತರುತ್ತೇವೆ. ಜೀವಮಾನವಿಡೀ ಕೂರುವ ಕುರ್ಚಿಯನ್ನು ಅಳತೆ ತೆಗೆಯದೆ ಹಂಚುವುದನ್ನು ಕಂಡರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅಳತೆ ಅಂದರೆ ಬರೀ ಅಗಲವಲ್ಲ. ಚಕ್ರದ ನೆತ್ತಿಯ ಮೇಲೆ ಕೈ ಇಟ್ಟಾಗ ಮೊಣಕೈಯಲ್ಲಿ ಮೇಲ್ತೋಳಿಗೂ ಮುಂದೋಳಿಗೂ ನಡುವಿನ ಕೋನ 100ರಿಂದ 120 ಡಿಗ್ರಿ ಇರಬೇಕು. ಸೀಟು ಅದಕ್ಕಿಂತ ಎತ್ತರವಾದರೆ ಕೈ ಎಟುಕದು, ತಗ್ಗಾದರೆ ಭುಜ ಕಿವಿಯ ಹತ್ತಿರ ಏರುತ್ತದೆ. ಅಚ್ಚು ಮುಂದಕ್ಕೆ ಬಂದಷ್ಟೂ ತಳ್ಳುವುದು ಹಗುರ, ಆದರೆ ಕುರ್ಚಿ ಹಿಂದಕ್ಕೆ ಮಗುಚುವ ಭಯ. ಟೆನಿಸ್ ಕುರ್ಚಿಯ ಹಿಂದೆ ಒಂದು ಪುಟ್ಟ ಚಕ್ರ ಇರುವುದು ಇದಕ್ಕೇ. ಅದು ಮಗುಚಲು ಬಿಡುವುದಿಲ್ಲ, ಹಾಗಾಗಿ ಅಚ್ಚನ್ನು ಧೈರ್ಯವಾಗಿ ಮುಂದಿಡಬಹುದು. ತಳ್ಳುವ ರೀತಿಯನ್ನೂ ಟಿವಿಯಲ್ಲೇ ಕಲಿಯಬಹುದು. ಚಕ್ರವನ್ನು ಗಡಿಯಾರ ಅಂದುಕೊಂಡರೆ ಹನ್ನೊಂದರಲ್ಲಿ ಹಿಡಿದು ಎರಡರಲ್ಲಿ ಬಿಡುವುದು, ಆಮೇಲೆ ಕೈಯನ್ನು ಬಳೆಗಿಂತ ಕೆಳಗೆ ಜೋಲುಬಿಟ್ಟು ಹಿಂದಕ್ಕೆ ತರುವುದು. ಉದ್ದನೆಯ, ಕೆಲವೇ ತಳ್ಳು. ಹೊಸಬರು ಚಟಪಟ ಅಂತ ಸಣ್ಣ ಸಣ್ಣದಾಗಿ ತಳ್ಳಿ ಸಂಜೆಗೆ ಭುಜ ಹಿಡಿದುಕೊಂಡು ಕೂರುತ್ತಾರೆ.

ಚಕ್ರ ಯಾಕೆ ಓರೆ ಅನ್ನುವುದು ಅವನ ಮುಂದಿನ ಪ್ರಶ್ನೆಯಾಗಿತ್ತು. ಮೇಲೆ ಹತ್ತಿರ, ಕೆಳಗೆ ಅಗಲವಾದ ಆ ಓರೆಯಿಂದ ಕುರ್ಚಿ ಬೇಗ ತಿರುಗುತ್ತದೆ, ಪಕ್ಕಕ್ಕೆ ಉರುಳಿಬೀಳುವುದಿಲ್ಲ ಎಂದು ವಿವರಿಸಿದೆ. ವಿವರಿಸಬಾರದಿತ್ತೇನೋ. ಅವನ ಅಣ್ಣನಿಗೆ ವೆಲ್ಡಿಂಗ್ ಅಂಗಡಿ. ಮುಂದಿನ ವಾರಕ್ಕೆ ಹಳೇ ಕುರ್ಚಿಯ ಅಚ್ಚು ಕತ್ತರಿಸಿ ಇಪ್ಪತ್ತು ಡಿಗ್ರಿ ಓರೆಗೆ ಬೆಸೆದಿದ್ದರು. ಅಂಗಳದಲ್ಲಿ ಬುಗುರಿಯ ಹಾಗೆ ತಿರುಗಿತಂತೆ. ಮನೆ ಬಾಗಿಲಲ್ಲಿ ಮಾತ್ರ ಹಿಡಿಸಲಿಲ್ಲ. ಅವರಮ್ಮ ಫೋನ್ ಮಾಡಿ, ‘ನೋಡಮ್ಮ, ಇಬ್ರೂ ಸೇರ್ಕಂಡು ಏನ್ ಮಾಡವ್ರೆ. ಮಗ ರಾತ್ರಿಯೆಲ್ಲ ಜಗಲಿ ಮೇಲೇ ಮಲಗ್ದ’ ಅಂದರು. ಆಟದ ಕುರ್ಚಿ ಬೇರೆ, ಮನೆಯ ಕುರ್ಚಿ ಬೇರೆ. ಮನೆಯದಕ್ಕೆ ಎರಡು ಮೂರು ಡಿಗ್ರಿ ಓರೆ ಧಾರಾಳವಾಯಿತು.

ಅವನು ಕೇಳಿದ ಇನ್ನೊಂದು ಪ್ರಶ್ನೆ ಹ್ಯೂವೆಟ್ ಬಗ್ಗೆ. ‘ಅವ್ನು ಎದ್ದು ನಡೀತಾನೆ ಮೇಡಂ. ಕುರ್ಚಿ ಯಾಕೆ?’ ಹ್ಯೂವೆಟ್‌ಗೆ ಇರುವುದು ಪರ್ಥಿಸ್ ಕಾಯಿಲೆ. ಎಳವೆಯಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಕಡಿಮೆಯಾಗಿ ಅದು ಚಪ್ಪಟೆಯಾಗುತ್ತದೆ. ನಾಲ್ಕು ಹೆಜ್ಜೆ ನಡೆಯಬಲ್ಲವರು ಟೆನಿಸ್‌ನ ಓಟ, ತಿರುವು ತಡೆದುಕೊಳ್ಳಲಾರರು. ಅವರ ಅರ್ಹತೆಯ ಬಗ್ಗೆಯೇ 2019ರಲ್ಲಿ ತಕರಾರು ಎದ್ದಿತ್ತು, 2021ರಲ್ಲಿ ನಿಯಮ ಬದಲಾದ ಮೇಲೆ ಉಳಿದುಕೊಂಡರು. ನಮ್ಮೂರಲ್ಲೂ ಇದೇ ಕಥೆ: ಕುರ್ಚಿಯಿಂದ ಎದ್ದು ನಿಂತವರನ್ನು ಕಂಡರೆ ಜನ ನಾಟಕ ಅನ್ನುತ್ತಾರೆ. ಮಾರುಕಟ್ಟೆ ಸುತ್ತಲು ಕುರ್ಚಿ, ಮನೆಯೊಳಗೆ ವಾಕರ್ ಬಳಸುವ ಹತ್ತಾರು ಜನ ನನಗೆ ಗೊತ್ತು.

ಕ್ವಾಡ್ ಎಂಬ ಇನ್ನೊಂದು ವಿಭಾಗ ಇದೆ, ಕೈಯಲ್ಲೂ ಶಕ್ತಿ ಕುಂದಿದವರಿಗೆ. ರ‍್ಯಾಕೆಟ್ಟನ್ನು ಅಂಗೈಗೆ ಟೇಪಿನಿಂದ ಸುತ್ತಿಕೊಂಡು ಆಡುವವರು ಅಲ್ಲಿ ಸಿಗುತ್ತಾರೆ. ಬೆಂಗಳೂರಿನ ಬೋನಿಫೇಸ್ ಪ್ರಭು ಈ ವಿಭಾಗದಲ್ಲೇ ಆಡಿದವರು, 2014ರಲ್ಲಿ ಪದ್ಮಶ್ರೀ ಪಡೆದವರು. ಕತ್ತಿನ ಮಟ್ಟದಲ್ಲಿ ಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗೆ ಬೆವರು ಬರುವುದಿಲ್ಲ, ಮೈಬಿಸಿ ಇಳಿಯುವುದಿಲ್ಲ. ಅಂಥ ಆಟಗಾರರು ಬಿಡುವಿನಲ್ಲಿ ಮುಖಕ್ಕೆ ನೀರು ಸಿಂಪಡಿಸಿಕೊಳ್ಳುವುದು, ಕತ್ತಿಗೆ ಐಸ್ ಇಟ್ಟುಕೊಳ್ಳುವುದು ಜೀವ ಉಳಿಸಿಕೊಳ್ಳಲು. ಏಪ್ರಿಲ್ ತಿಂಗಳ ಪಾವಗಡದ ಬಿಸಿಲಿನಲ್ಲಿ ಶೀಟಿನ ಮನೆಯೊಳಗೆ ಮಲಗಿರುವವರ ಮನೆಯವರಿಗೆ ನಾನು ಈ ದೃಶ್ಯವನ್ನೇ ತೋರಿಸುತ್ತೇನೆ. ಒದ್ದೆ ಬಟ್ಟೆ, ಸಿಂಪಡಿಸುವ ಬಾಟಲಿ, ಫ್ಯಾನು; ಮೈ ಬಿಸಿಯಾದರೆ ಜ್ವರ ಅಂದುಕೊಂಡು ಕಂಬಳಿ ಹೊದಿಸಬೇಡಿ.

ಈ ವರ್ಷ ನಾನು ಮುಖ್ಯವಾಗಿ ನೋಡುವುದು ಜಪಾನಿನ ಆಟಗಾರ್ತಿ ಯುಯಿ ಕಾಮಿಜಿಯನ್ನು. ಹುಟ್ಟಿನಿಂದಲೇ ಸ್ಪೈನಾ ಬೈಫಿಡಾ, ಅಂದರೆ ಬೆನ್ನೆಲುಬು ಪೂರ್ತಿ ಕೂಡಿಕೊಳ್ಳದ ತೊಂದರೆ. ಎತ್ತರ 143 ಸೆಂಟಿಮೀಟರ್. ಎಸ್ತರ್ ವರ್ಗೀರ್ ಎಂಬ ಡಚ್ ಆಟಗಾರ್ತಿ ಹತ್ತು ವರ್ಷ, 470 ಸಿಂಗಲ್ಸ್ ಪಂದ್ಯ ಸೋಲದೆ ನಿವೃತ್ತಿಯಾದರು. ಅದೇ ದೇಶದ ಡೀಡ ಡ ಹ್ರೋಟ್ ಕೂಡ ಸೋಲೇ ಇಲ್ಲದ ಹಾಗೆ ಸಾಗುತ್ತಿದ್ದಾಗ, 145 ಪಂದ್ಯಗಳ ಆ ಗೆಲುವಿನ ಸರಣಿಯನ್ನು ಮುರಿದವರು 2024ರಲ್ಲಿ ಕಾಮಿಜಿ. ಆ ವರ್ಷವೇ ಪ್ಯಾರಿಸ್ ಚಿನ್ನ. 2025ರಲ್ಲಿ ಮೆಲ್ಬರ್ನ್, ಪ್ಯಾರಿಸ್, ನ್ಯೂಯಾರ್ಕ್ ಮೂರೂ ಗೆದ್ದರು. ವಿಂಬಲ್ಡನ್ ಸಿಂಗಲ್ಸ್ ಮಾತ್ರ ಚೀನಾದ ವಾಂಗ್ ಝಿಯಿಂಗ್ ಪಾಲಾಯಿತು. ಕಾಮಿಜಿ ಕೈಗೆ ಸಿಗದೆ ಉಳಿದಿರುವುದು ಅದೊಂದೇ. ಅಲ್ಲಿನ ಹುಲ್ಲಿನ ಅಂಕಣದ ಮೇಲೆ ಚಕ್ರ ಸಲೀಸಾಗಿ ಉರುಳುವುದಿಲ್ಲ, ಪ್ರತಿ ತಳ್ಳಿಗೂ ಭುಜದಿಂದ ಸಾಲ ತೆಗೆಯಬೇಕು. ಚೆಂಡೂ ತಗ್ಗಾಗಿ ಜಾರುತ್ತದೆ. ವಿಂಬಲ್ಡನ್‌ನಲ್ಲಿ ವೀಲ್‌ಚೇರ್ ಸಿಂಗಲ್ಸ್ ಶುರುವಾದದ್ದೇ 2016ರಲ್ಲಿ. ತೂಕ, ತೋಳಿನ ಉದ್ದ ಎರಡೂ ಕಡಿಮೆ ಇರುವವರಿಗೆ ಹುಲ್ಲು ಎಷ್ಟು ದುಬಾರಿ ಅನ್ನುವುದು ನನ್ನ ಊಹೆ, ಜುಲೈನಲ್ಲಿ ಸುಳ್ಳಾದರೆ ಸಂತೋಷ.

ಜನವರಿಯಲ್ಲಿ ಆಸ್ಟ್ರೇಲಿಯಾ, ಆಮೇಲೆ ಜಪಾನಿನ ಈಜುಕ ಊರಿನ ಟೂರ್ನಿ, ಮೇನಲ್ಲಿ ದೇಶಗಳ ನಡುವಿನ ವರ್ಲ್ಡ್ ಟೀಮ್ ಕಪ್, ನಂತರ ಪ್ಯಾರಿಸ್, ಲಂಡನ್, ನ್ಯೂಯಾರ್ಕ್. 2026ರ ಅಕ್ಟೋಬರಿನಲ್ಲಿ ಐಚಿ-ನಗೋಯಾದ ಏಷ್ಯನ್ ಪ್ಯಾರಾ ಗೇಮ್ಸ್ ಬೇರೆ. ರ‍್ಯಾಂಕಿಂಗ್ 52 ವಾರದ ಲೆಕ್ಕ, ಹೋದ ವರ್ಷ ಈ ವಾರ ಗಳಿಸಿದ್ದು ಈ ವರ್ಷ ಉದುರುತ್ತದೆ. ಬೆಂಗಳೂರಿನ ಶೇಖರ್ ವೀರಸ್ವಾಮಿ, ಪ್ರತಿಮಾ ರಾವ್, ಶಿಲ್ಪಾ ಪುಟ್ಟರಾಜು ಅವರ ಹೆಸರು ದೊಡ್ಡ ಟಿವಿಯಲ್ಲಿ ಬರುವುದಿಲ್ಲ, ಸಣ್ಣ ಟೂರ್ನಿಗಳ ಫಲಿತಾಂಶದಲ್ಲಿ ಹುಡುಕಬೇಕು. ಎಪ್ಪತ್ತು ಕಿಲೋಮೀಟರ್ ಆಚೆ ನಡೆಯುವ ಪಂದ್ಯವನ್ನು ಕಣ್ಣಾರೆ ನೋಡಿ ಬಂದವರು ಮೆಲ್ಬರ್ನ್ ಪಂದ್ಯವನ್ನೂ ಬೇರೆ ಕಣ್ಣಿನಿಂದ ನೋಡುತ್ತಾರೆ.

ನಮ್ಮಲ್ಲಿ ಆಡಿಸಲು ಹೋದಾಗ ಒಂದು ಅಂಕಣದವರು ಚಕ್ರ ನೆಲ ಕೆರೆಯುತ್ತದೆ ಅಂದರು. ಗ್ರ್ಯಾಂಡ್‌ಸ್ಲಾಮ್ ನಡೆಯುವುದೂ ನಿಂತು ಆಡುವವರ ಅದೇ ಅಂಕಣಗಳಲ್ಲಿ ಎಂದು ವಿಡಿಯೋ ತೋರಿಸಿದೆ. ಭಾನುವಾರ ಮಧ್ಯಾಹ್ನ ಒಂದು ಗಂಟೆ ಬಿಟ್ಟುಕೊಟ್ಟರು, ಬೇರೆ ಯಾರೂ ಬಾರದ ಉರಿಬಿಸಿಲಿನ ಹೊತ್ತು. ಅದೂ ಆಯಿತು. ಕುರ್ಚಿಯವರಿಗೆ ಎರಡು ಪಿಚ್, ನಿಂತವರಿಗೆ ಒಂದು ಎಂಬ ನಿಯಮದಲ್ಲಿ ಅಣ್ಣ ತಮ್ಮ ಇಬ್ಬರೂ ಎದುರುಬದುರು ಆಡಿದರು. ಇದು ನಾನು ಹುಟ್ಟಿಸಿದ ನಿಯಮವಲ್ಲ, ಅಧಿಕೃತವಾದದ್ದೇ.

ವೀಲ್‌ಚೇರಿನಲ್ಲಿ ಕೂತು ಪಂದ್ಯ ನೋಡುವವರಿಗೆ ನನ್ನ ಕಡೆಯಿಂದ ಒಂದು ಷರತ್ತಿದೆ. ಸ್ಪರ್ಶ ತಿಳಿಯದ ಪೃಷ್ಠದ ಮೇಲೆ ಎರಡು ಗಂಟೆ ಅಲುಗಾಡದೆ ಕೂತರೆ ಬೆಡ್ ಸೋರ್ ಶುರುವಾಗಲು ಅಷ್ಟು ಸಾಕು. ಆದ್ದರಿಂದ ಆಟಗಾರರು ಅಂಕಣದ ಬದಿ ಬದಲಿಸಿದಾಗಲೆಲ್ಲ ನೋಡುವವರು ಎದೆಯನ್ನು ತೊಡೆಗೆ ತಾಗಿಸಿ ಮುಂದಕ್ಕೆ ಬಾಗಬೇಕು, ಎರಡು ನಿಮಿಷ. ಮೊದಲು ಕೈ ಊರಿ ಮೈ ಎತ್ತಿ ಅನ್ನುತ್ತಿದ್ದೆವು, ಭುಜಕ್ಕೆ ಅದು ಒಳ್ಳೆಯದಲ್ಲವೆಂದು ಈಗ ಬಾಗಿಸುತ್ತೇವೆ. ಹೋದ ಸಲ ನಮ್ಮ ಹುಡುಗ ಫೋನ್ ಮಾಡಿ ದೂರಿದ: ‘ಟೈಬ್ರೇಕಲ್ಲಿ ಆರಾರು ಪಾಯಿಂಟ್‌ಗೂ ಬದಿ ಬದಲಾಯ್ತದೆ ಮೇಡಂ. ಬಗ್ಗಿ ಎದ್ದೇಳೋ ಹೊತ್ಗೆ ಸೆಟ್ಟೇ ಮುಗ್ದೋಯ್ತು.’ ಟೈಬ್ರೇಕಿಗೆ ವಿನಾಯಿತಿ ಕೊಟ್ಟಿದ್ದೇನೆ.