ಗ್ರೇಟಾ ವ್ಯಾನ್ ಫ್ಲೀಟ್ ಬರೀ ಲೆಡ್ ಝೆಪೆಲಿನ್ ನಕಲಾ?

ಪ್ರಶ್ನೆ: ಗ್ರೇಟಾ ವ್ಯಾನ್ ಫ್ಲೀಟ್ ಬ್ಯಾಂಡಿನ ಹಾಡು ಕೇಳಿದವರೆಲ್ಲ ‘ಲೆಡ್ ಝೆಪೆಲಿನ್ ನಕಲು’ ಅಂತಾರೆ. ನಮ್ಮ ಧಾರವಾಡದಲ್ಲಿ ಶಿಷ್ಯ ಗುರುವಿನ ಹಾಗೆ ಹಾಡಿದರೆ ‘ಭಲೇ’ ಅಂತ ತಲೆದೂಗ್ತಾರಲ್ಲ. ಆ ಹುಡುಗರಿಗೆ ಮಾತ್ರ ಯಾಕೆ ಬೈಗುಳ?

ಉತ್ತರ: ಮೊದಲು ಒಪ್ಪಿಕೊಂಡುಬಿಡುತ್ತೇನೆ, ನಾನೂ ಮೋಸ ಹೋದವನೇ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟಿದ್ದೆ. ಪಕ್ಕದಲ್ಲಿ ಅಣ್ಣನ ಮಗ. ಉಣಕಲ್ ಕೆರೆ ದಾಟುವಾಗ ಅವನ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಬಂತು. ಗಿಟಾರಿನ ಒಂದು ಸುತ್ತು, ದಪ್ಪ ದನಿಯ ಡ್ರಮ್ಸು, ಆಮೇಲೆ ತಾರಸ್ಥಾಯಿಯಲ್ಲಿ ಚೀರುವ ಗಂಟಲು. ‘ಝೆಪೆಲಿನ್ನಿನ ಯಾವ ಆಲ್ಬಂ ಇದು? ನಾ ಕೇಳೇ ಇಲ್ಲಲ್ಲ’ ಅಂದೆ. ಅವನಿಗೆ ನಗು ತಡೆಯಲಿಲ್ಲ. ‘ಕಾಕಾ, ಇದು 2017ರ ಹಾಡು. ಹಾಡಿದವ ಹುಟ್ಟೋವಾಗ ನಿಮ್ಮ ಝೆಪೆಲಿನ್ ಅಂಗಡಿ ಮುಚ್ಚಿ ಹದಿನೈದು ವರ್ಷ ಆಗಿತ್ತು.’

ಲೆಕ್ಕ ಸರಿಯೇ ಇತ್ತು. ಝೆಪೆಲಿನ್ 1968ರಲ್ಲಿ ಲಂಡನ್ನಿನಲ್ಲಿ ಶುರುವಾದ ಹಾರ್ಡ್ ರಾಕ್ ಬ್ಯಾಂಡು, ಅಬ್ಬರದ ಗಿಟಾರಿನದು. 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡ ಮೇಲೆ ನಿಂತುಹೋಯಿತು. ಗ್ರೇಟಾ ಹುಟ್ಟಿದ್ದು 2012ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದ ಫ್ರಾಂಕನ್‌ಮತ್ ಎಂಬ ಊರಲ್ಲಿ. ಸುಮಾರು ಐದು ಸಾವಿರ ಜನ ಇರುವ ಊರು, ನಮ್ಮ ಕಡೆ ಆದರೆ ಹಳ್ಳಿ ಅನ್ನಿಸಿಕೊಳ್ಳುತ್ತದೆ. ಕೋಳಿ ಊಟಕ್ಕೂ ಒಂದು ದೈತ್ಯ ಕ್ರಿಸ್‌ಮಸ್ ಅಂಗಡಿಗೂ ಅದು ಹೆಸರುವಾಸಿ. ಹಾಡುವ ಜಾಶ್ ಕಿಸ್ಕಾ, ಗಿಟಾರಿನ ಜೇಕ್ ಇಬ್ಬರೂ ಅವಳಿ. ಬಾಸ್ (ತಗ್ಗು ದನಿಯ ಗಿಟಾರು) ಮತ್ತು ಕೀಬೋರ್ಡು ನುಡಿಸುವ ಸ್ಯಾಮ್ ಅವರ ತಮ್ಮ. ಡ್ರಮ್ಸಿನ ಡ್ಯಾನಿ ವ್ಯಾಗ್ನರ್ 2013ರಲ್ಲಿ ಸೇರಿದ ಗೆಳೆಯ. ಬ್ಯಾಂಡಿನ ಹೆಸರು ಊರಿನ ಒಬ್ಬ ಹಿರಿಯ ಹೆಂಗಸಿನದು, ಒಂದಕ್ಷರ ಬಿಟ್ಟು ಇಟ್ಟುಕೊಂಡದ್ದು.

ಈಗ ಹೋಲಿಕೆ ಎಲ್ಲಿದೆ ಅಂತ ನೋಡೋಣ. ಒಂದು, ಜೋಡಣೆ. ಒಂದೇ ಗಿಟಾರು, ಬಾಸು, ಡ್ರಮ್ಸು, ಹಾಡುವವನು. ಬಾಸಿನವನೇ ಕೀಬೋರ್ಡಿಗೂ ಕೂರುತ್ತಾನೆ, ಝೆಪೆಲಿನ್ನಿನ ಜಾನ್ ಪಾಲ್ ಜೋನ್ಸ್ ಕೂರುತ್ತಿದ್ದ ಹಾಗೆ. ಇನ್ನೊಂದು, ರಿಫ್. ಗಿಟಾರಿನ ಸಣ್ಣ ತುಣುಕೊಂದು ಮತ್ತೆ ಮತ್ತೆ ಬರುತ್ತಲ್ಲ, ಅದೇ. ಖಯಾಲಿನ ಮುಖಡಾ ಇದ್ದ ಹಾಗೆ ಅನ್ನಿ. ಎಲ್ಲಿ ಹೋದರೂ ತಿರುಗಿ ಅಲ್ಲಿಗೇ ಬರಬೇಕು.

ಮತ್ತೆ ಆ ಗಿಟಾರಿನ ಗೊರಗೊರ ದನಿ. ನಮ್ಮ ಅಜ್ಜನ ಮನೆಯಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು, ದನಿ ಹಿಗ್ಗಿಸುವ ಗಾಜಿನ ಕೊಳವೆಗಳಿದ್ದ ಹಳೇ ಪೆಟ್ಟಿಗೆ. ಧಾರವಾಡ ಆಕಾಶವಾಣಿ ಹಚ್ಚಿ ದನಿ ಪೂರ್ತಿ ತಿರುವಿದರೆ ಸುದ್ದಿ ಓದುವವರ ಗಂಟಲು ಕೆಟ್ಟ ಹಾಗೆ ಕೇಳಿಸುತ್ತಿತ್ತು. ಅಜ್ಜ ‘ರೇಡಿಯೋ ಸುಡ್ತೀಯೇನೋ’ ಅಂತ ಬೈತಿದ್ದರು. ಹಾರ್ಡ್ ರಾಕ್ ಗಿಟಾರಿನ ಗುಟ್ಟೂ ಅದೇ ಬೈಗುಳದಲ್ಲಿದೆ. ವಾಲ್ವಿಗೆ ಅದು ತಾಳುವುದಕ್ಕಿಂತ ಜಾಸ್ತಿ ಕೊಟ್ಟರೆ ದನಿಯ ಅಲೆಯ ತುದಿ ಚಪ್ಪಟೆಯಾಗುತ್ತದೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅಲ್ಲ, ರೊಟ್ಟಿ ಹಿಟ್ಟನ್ನು ಅಂಗೈಯಿಂದ ಒತ್ತಿದ ಹಾಗೆ ಮೆತ್ತಗೆ. ಆಗ ಮೂಲ ಸ್ವರದ ಜೊತೆಗೆ ಅದರಲ್ಲಿ ಇಲ್ಲದ ಉಪಸ್ವರಗಳೂ ಹುಟ್ಟುತ್ತವೆ, ದನಿ ತುಂಬಿಕೊಳ್ಳುತ್ತದೆ. ಈಗ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡಬಹುದು. ಜೇಕ್ ಮಾತ್ರ 1961ರ ಗಿಬ್ಸನ್ ಗಿಟಾರನ್ನು ವಾಲ್ವ್ ಆಂಪ್ಲಿಫೈಯರಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ಯಾರೂ ಬೈಯುತ್ತಿರಲಿಲ್ಲ. ಈ ಸಾಮಗ್ರಿ ಯಾರಪ್ಪನ ಸ್ವತ್ತೂ ಅಲ್ಲ. ಝೆಪೆಲಿನ್ ಕೂಡ ಇದನ್ನು ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬ ಹಾಡುಗಾರಿಕೆಯಿಂದ ಎತ್ತಿಕೊಂಡದ್ದೇ, ಅದೂ ಹಲವು ಸಲ ಹೇಳದೆ ಕೇಳದೆ. 1969ರ ಅವರ ಎರಡನೇ ಆಲ್ಬಂನ ಮೊದಲ ಹಾಡಿನಲ್ಲಿ ಷಿಕಾಗೋದ ವಿಲ್ಲಿ ಡಿಕ್ಸನ್ ಅವರ ಸಾಹಿತ್ಯ ನುಸುಳಿತ್ತು. ಅವರು 1985ರಲ್ಲಿ ಕೋರ್ಟಿಗೆ ಹೋದರು, ಎರಡು ವರ್ಷಕ್ಕೆ ರಾಜಿಯಾಯಿತು, ಈಗ ಆ ಹಾಡಿನ ಕೆಳಗೆ ಅವರ ಹೆಸರೂ ಇದೆ. ಆದ್ದರಿಂದ ಝೆಪೆಲಿನ್ ಅಭಿಮಾನಿಗಳು ‘ಕಳ್ಳರು’ ಅಂತ ಕೂಗುವಾಗ ನನಗೆ ಸ್ವಲ್ಪ ನಗು ಬರುತ್ತದೆ.

ತಕರಾರು ಇರುವುದು ಗಂಟಲಿನಲ್ಲಿ. ನಿಮ್ಮ ಧಾರವಾಡದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಕುಂದಗೋಳದ ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರು. ಗುರುವಿನದು ಸಣ್ಣಗೆ ಹರಿಯುವ ಜೇನು. ಶಿಷ್ಯನದು ಒರಟು ಕಂಠ, ಪಳಗಿಸಲು ವರ್ಷಗಟ್ಟಲೆ ಬೇಕಾಯಿತು. ಅದೇ ಸವಾಯಿ ಗಂಧರ್ವರ ಹತ್ತಿರ ಗಂಗೂಬಾಯಿ ಹಾನಗಲ್ ಕಲಿತರು. ಗಂಟಲಿನ ಆಪರೇಷನ್ ಆದಮೇಲೆ ಅವರ ದನಿ ಗಡುಸಾಗಿ, ಗೊತ್ತಿಲ್ಲದವರು ಗಂಡಸು ಹಾಡುತ್ತಿದ್ದಾನೆ ಅಂದುಕೊಳ್ಳುವಂತಾಯಿತು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಹುಚ್ಚು ಹತ್ತಿಸಿಕೊಂಡು, ಹನ್ನೊಂದನೇ ವಯಸ್ಸಿಗೆ ಗದಗಿನ ಮನೆ ಬಿಟ್ಟು ಓಡಿಹೋದವರು. ಊರೂರು ಸುತ್ತಿ ಕೊನೆಗೆ ಬಂದದ್ದು ಇದೇ ಸವಾಯಿ ಗಂಧರ್ವರ ಹತ್ತಿರಕ್ಕೆ. ಎಲ್ಲರೂ ಕಿರಾಣಾ ಘರಾಣೆಯವರೇ, ಒಂದೇ ಗುರುಪರಂಪರೆ. ಆದರೆ ಕಣ್ಣುಮುಚ್ಚಿ ಕೇಳಿದರೂ ಯಾರು ಯಾರಂತ ಒಂದೇ ಆಲಾಪದಲ್ಲಿ ಗೊತ್ತಾಗುತ್ತದೆ, ಅಲ್ವಾ? ಸ್ವರ ಹಚ್ಚುವ ರೀತಿ ಗುರುವಿನದು, ಗಂಟಲು ತಮ್ಮದು. ‘ಭಲೇ’ ಅನ್ನುವುದು ಅದಕ್ಕೆ.

ಜಾಶ್ ವಿಷಯದಲ್ಲಿ ಗಂಟಲೂ ರಾಬರ್ಟ್ ಪ್ಲಾಂಟ್‌ನದೇ ಅನ್ನಿಸಿಬಿಡುತ್ತದೆ. ಪ್ಲಾಂಟ್ ಅಂದರೆ ಝೆಪೆಲಿನ್ನಿನ ಹಾಡುಗಾರ. ಅವರೇ 2018ರ ಒಂದು ಸಂದರ್ಶನದಲ್ಲಿ, ಈ ಹುಡುಗರು ನಮ್ಮ ಮೊದಲ ಆಲ್ಬಂ ಇದ್ದ ಹಾಗೇ ಇದ್ದಾರೆ ಅಂತ ತಮಾಷೆ ಮಾಡಿದರು. ಹಾಡುವವನ ಮೇಲೆ ಹುಸಿಮುನಿಸನ್ನೂ ತೋರಿಸಿದರು. ಹುಡುಗರು ಮಾತ್ರ, ನಾವು ಬೆಳೆದದ್ದು ಅಪ್ಪ ಅಮ್ಮನ ತಟ್ಟೆಗಳಲ್ಲಿದ್ದ ಬ್ಲೂಸ್ ಕೇಳಿಕೊಂಡು ಅನ್ನುತ್ತಾ ಬಂದರು. ಅದು ಸುಳ್ಳೇನಲ್ಲ. ಆದರೆ ಎದುರಿಗಿರುವ ಆನೆಯನ್ನು ಬಿಟ್ಟು ಬಾಲದ ಬಗ್ಗೆ ಮಾತಾಡಿದ ಹಾಗೆ ಕೇಳಿಸಿತು. ನಮ್ಮಲ್ಲಿ ಗುರುವಿನ ಹೆಸರು ಬಂದರೆ ಗವಾಯಿಗಳು ಕಿವಿ ಮುಟ್ಟಿಕೊಳ್ಳುತ್ತಾರೆ. ಇವರೂ ಶುರುವಿನಲ್ಲೇ ಒಂದು ಸಲ ಕಿವಿ ಮುಟ್ಟಿಕೊಂಡಿದ್ದರೆ ಅರ್ಧ ಬೈಗುಳ ತಪ್ಪುತ್ತಿತ್ತು ಅಂತ ನನ್ನ ಅನಿಸಿಕೆ.

ಬೈಗುಳ ಸಣ್ಣದೇನಿರಲಿಲ್ಲ. 2018ರ ಅಕ್ಟೋಬರಿನಲ್ಲಿ ಅವರ ಮೊದಲ ಪೂರ್ಣ ಆಲ್ಬಂ ಬಂದಾಗ ಪಿಚ್‌ಫೋರ್ಕ್ ಪತ್ರಿಕೆ 10ಕ್ಕೆ 1.6 ಅಂಕ ಕೊಟ್ಟಿತು. ಅದೇ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಮರುವರ್ಷ ಫೆಬ್ರವರಿಯಲ್ಲಿ ಅದಕ್ಕೂ ಹಿಂದಿನ, 2017ರ ರೆಕಾರ್ಡಿಗೆ ಅತ್ಯುತ್ತಮ ರಾಕ್ ಆಲ್ಬಂ ಅಂತ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಸಿಕ್ಕಿತು. ವಿಮರ್ಶಕರ ಬೈಗುಳ, ಕೇಳುಗರ ಮುದ್ದು ಎರಡೂ ಒಟ್ಟೊಟ್ಟಿಗೆ ಬಂದವು. 2018ರ ಆ ಆಲ್ಬಂನ ಸಾಹಿತ್ಯ ನನಗೂ ಟೊಳ್ಳು ಅನ್ನಿಸಿತ್ತು. ಆದರೂ 1.6 ಅಂದರೆ ಮೇಷ್ಟ್ರು ಮನೆಯ ಸಿಟ್ಟನ್ನು ಉತ್ತರಪತ್ರಿಕೆಯ ಮೇಲೆ ತೀರಿಸಿಕೊಂಡ ಹಾಗಾಯಿತು.

ಹಳೇ ಧಾಟಿ ಹಿಡಿದ ಬ್ಯಾಂಡುಗಳಿಗೆ ಸಾಮಾನ್ಯವಾಗಿ ಎಡವಟ್ಟಾಗುವುದು ಮೊದಲ ಗೆಲುವಿನ ಆಮೇಲೆ. ಇಂಗ್ಲೆಂಡಿನ ದಿ ಡಾರ್ಕ್‌ನೆಸ್ 2003ರಲ್ಲಿ ಮೊದಲ ಆಲ್ಬಂನಿಂದಲೇ ನಂಬರ್ 1 ಆಯಿತು. 2006ಕ್ಕೆ ಹಾಡುಗಾರ ಹೊರಟ, ಮತ್ತೆ ಕೂಡಿದ್ದು 2011ರಲ್ಲಿ. ಆಸ್ಟ್ರೇಲಿಯಾದ ವುಲ್ಫ್‌ಮದರ್ 2007ರಲ್ಲಿ ಗ್ರ್ಯಾಮಿ ಗೆದ್ದಿತು, ಮರುವರ್ಷವೇ ಮೂವರಲ್ಲಿ ಇಬ್ಬರು ಬಿಟ್ಟುಹೋದರು. ಗ್ರೇಟಾ ಒಡೆಯಲಿಲ್ಲ. ಮೂವರು ಒಂದೇ ಮನೆಯವರು ಅನ್ನುವುದೂ ಒಂದು ಕಾರಣ ಇರಬಹುದು. ಅಣ್ಣ ತಮ್ಮಂದಿರ ಜಗಳ ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತದೆ. (ನಮ್ಮ ಮನೆಯಲ್ಲಿ ಮುಗಿಯುವುದಿಲ್ಲ, ಅದು ಬೇರೆ ಮಾತು.)

ಅವರು ಮಾಡಿದ್ದು ಗಂಟಲು ಬದಲಿಸುವುದಲ್ಲ, ಅದು ಆಗುವ ಕೆಲಸವೂ ಅಲ್ಲ. ಗಂಟಲಿನ ಸುತ್ತ ಮನೆ ಬದಲಿಸಿದರು. 2021ರ ಆಲ್ಬಂಗೆ ಗ್ರೆಗ್ ಕರ್ಸ್ಟಿನ್ ನಿರ್ಮಾಪಕರಾದರು, ಅಂದರೆ ಸ್ಟುಡಿಯೋದಲ್ಲಿ ಹಾಡಿಗೆ ರೂಪ ಕೊಡುವವರು. ಹಾಡುಗಳು ಉದ್ದವಾದವು, ಪಿಟೀಲುಗಳ ಮೇಳ ಬಂತು. 2023ರದಕ್ಕೆ ನ್ಯಾಶ್‌ವಿಲ್ಲಿನ ಡೇವ್ ಕಾಬ್ ಜೊತೆಯಾದರು. ಅದು ಮತ್ತೆ ನಾಲ್ಕೇ ಜನ ಒಂದು ಕೋಣೆಯಲ್ಲಿ ಕೂತು ನುಡಿಸಿದ ಹಾಗಿದೆ, ಅದಕ್ಕೂ ಗ್ರ್ಯಾಮಿ ನಾಮನಿರ್ದೇಶನ ಸಿಕ್ಕಿತು. ಕುಮಾರ ಗಂಧರ್ವರ ನೆನಪಾಗುತ್ತದೆ. ಬೆಳಗಾವಿ ಕಡೆಯ ಸುಳೇಭಾವಿಯ ಆ ಹುಡುಗ ದೊಡ್ಡ ದೊಡ್ಡ ಉಸ್ತಾದರ ತಟ್ಟೆಗಳನ್ನು ಇದ್ದದ್ದು ಇದ್ದ ಹಾಗೆ ಹಾಡಿ ತೋರಿಸುತ್ತಿದ್ದ. ಮುಂದೆ ಯಾರ ಹಾಗೂ ಇಲ್ಲದ ಹಾಡುಗಾರಿಕೆ ಅವರದಾಯಿತು. ಗ್ರೇಟಾ ಅಷ್ಟು ದೂರ ಹೋಗಿದೆ ಅಂತ ನಾನು ಖಂಡಿತ ಹೇಳುವುದಿಲ್ಲ. ಅರ್ಧ ದಾರಿ ಅನ್ನಬಹುದು.

ನೀವೇ ಪರೀಕ್ಷೆ ಮಾಡುವುದಾದರೆ 2017ರ ಹಾಡುಗಳಿಂದ ಶುರು ಮಾಡಬೇಡಿ. 2021ರ ಆಲ್ಬಂನ ಕೊನೆಯ ಹಾಡು ಹಚ್ಚಿ. ಹತ್ತಿರ ಹತ್ತಿರ ಒಂಬತ್ತು ನಿಮಿಷದ್ದು, ಕೊನೆಗೆ ಜೇಕ್ ಗಿಟಾರನ್ನು ಬಿಡುವುದೇ ಇಲ್ಲ. ವಾಪಸ್ ಬರುವಾಗ ಅಣ್ಣನ ಮಗ ಅದನ್ನೇ ಹಚ್ಚಿದ್ದ. ನವಲೂರು ಬರುವವರೆಗೂ ನಾನು ಒಂದು ಸಲವೂ ಝೆಪೆಲಿನ್ ಅನ್ನಲಿಲ್ಲ. ಅವನು ಮಾತ್ರ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದ.